ಬೋಗಾಣಿಯ ಒಳಗಿನ ಗೆರೆ

ನಾನು ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ನಿಂತಿದ್ದೆ, ಶಮಶಾದಕ್ಕ. ಮುನವಳ್ಳಿಯ ನಮ್ಮ ಮನೆ. ಅಣ್ಣನ ಮಗ ಶಿವುವಿನ ಮೊದಲ ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ. ಬಿಸಿಲು ಹಿತ್ತಲ ಗೋಡೆಯ ಅರ್ಧಕ್ಕೆ ಇಳಿದಿತ್ತು. ನನ್ನ ಕೈಯಲ್ಲಿ ಹುಣಸೆಹಣ್ಣು ಇತ್ತು. ಎದುರಿಗೆ, ಬಾಯಿ ಮೇಲಾಗಿ, ಅವ್ವನ ತಾಮ್ರದ ದೊಡ್ಡ ಬೋಗಾಣಿ. ಹಿಂದಿನ ಸಂಜೆ ನಮ್ಮ ಮನೆಗೆ ಬಂದವರು ವಾಂತಿ ಮಾಡಿಕೊಂಡದ್ದು ನಿಮ್ಮ ಕೈಯಿಂದಲ್ಲ, ಆ ಪಾತ್ರೆಯಿಂದ — ಅಲ್ಲಿ ನಿಂತಾಗ ಅದು ನನಗೆ ಖಚಿತವಾಯಿತು. ತಿಳಿದ ಮೇಲೆ ನಾನು ಅದರ ಗುರುತನ್ನು ತಿಕ್ಕಿ ಅಳಿಸಿದೆ.

ಇಷ್ಟೇ ನನ್ನ ತಪ್ಪು ಎಂದುಕೊಂಡು ಬರೆಯಲು ಕೂತೆ. ಇಷ್ಟೇ ಅಲ್ಲ. ಇದಕ್ಕಿಂತ ಮೊದಲು ಒಂದಿದೆ, ಆಮೇಲೆ ಒಂದಿದೆ. ನೋಡಿದ್ದನ್ನು ನೋಡಿದ ಹಾಗೆ ಹೇಳುವುದೇ ನನ್ನ ಹೊಟ್ಟೆಪಾಡಾಗಿತ್ತು — ನವಿಲುತೀರ್ಥದ ಕಾಲುವೆಯ ಮೇಲೆ ನೀರಿನ ಮಟ್ಟ ಓದುವ ಕೆಲಸ. ಆ ಕೆಲಸದಲ್ಲಿ ನಾನು ಒಮ್ಮೆಯೂ ಸುಳ್ಳು ಹೇಳಲಿಲ್ಲ. ನಿಮ್ಮ ವಿಷಯದಲ್ಲಿ —

ಮೊದಲಿನಿಂದ ಹೇಳುತ್ತೇನೆ.

ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಿಮ್ಮ ಯಜಮಾನರು ಮೌಲಾಸಾಬರು ಟೆಂಪೋ ಹೊಡೆಯುತ್ತಿದ್ದರು. ನೀವು ಮನೆಯಲ್ಲೇ ಶರಬತ್ತು, ಫಾಲೂದಾ ಮಾಡಿ ಕೊಡುತ್ತಿದ್ದಿರಿ. ಬಸ್ ನಿಲ್ದಾಣದ ಹತ್ತಿರ ಒಂದು ತಂಪು ಪಾನೀಯದ ಅಂಗಡಿ ಹಾಕಬೇಕೆಂಬುದು ನಿಮ್ಮ ಆಸೆ. ಶಾಂತಾ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಮತ್ತು ನೀವು ಆ ಗೋಡೆಯ ಮೇಲಿನಿಂದಲೇ ದಿನವೆಲ್ಲ ಮಾತಾಡುತ್ತಿದ್ದಿರಿ. ಶಿವು ಕೂರಲು ಕಲಿತದ್ದು ನಿಮ್ಮ ತೊಡೆಯ ಮೇಲೆ. ಅವನ ಹುಟ್ಟುಹಬ್ಬಕ್ಕೆ ಸವದತ್ತಿಯಿಂದ ಕೇಕ್ ತರಿಸುವುದೆಂದಾದಾಗ, ಕುಡಿಯುವುದಕ್ಕೆ ನಾನು ಮಾಡುತ್ತೇನೆ ಎಂದವರು ನೀವೇ.

"ಪಂಚ್ ಅಂತಾರ್ರಿ ಅದಕ್ಕ. ಎಲ್ಲಾ ಹಣ್ಣಿನ ರಸಾ ಕೂಡಿಸಿ ಮಾಡೂದು. ಹುಬ್ಬಳ್ಳ್ಯಾಗ ನಮ್ಮ ತಂಗಿ ಮಾಡ್ತಾಳ."

ಪಡಸಾಲೆಯಲ್ಲಿ ಕೂತಿದ್ದ ಬಸಪ್ಪ ಕಾಕಾ ಸುಮ್ಮನಿರಲಿಲ್ಲ. "ಪಂಚ್ ಅಂದ್ರ ಗುದ್ದೂದಲ್ಲೇನವಾ? ಕುಡದವರನ್ನ ಗುದ್ದತೈತೇನದು?"

"ಒಂದ್ ಗ್ಲಾಸ್ ಕುಡದವರಿಗೆ ಏನೂ ಮಾಡೂದಿಲ್ರಿ ಕಾಕಾ. ನೀವು ಒಂದಕ್ಕ ನಿಲ್ಲೂದಿಲ್ಲ, ಅದs ನನಗ ಚಿಂತಿ."

ಎಲ್ಲರೂ ನಕ್ಕೆವು. ಆ ನಗು ನನಗೆ ಈಗಲೂ ಕೇಳುತ್ತದೆ, ಯಾಕೆಂದರೆ ಆಮೇಲೆ ನಿಮ್ಮ ಜೊತೆ ನಮ್ಮ ಮನೆ ನಕ್ಕಿಲ್ಲ.

ಅದರಲ್ಲಿ ಏನೇನು ಹಾಕಿದ್ದಿರಿ ಎಂದು ಓಣಿ ತುಂಬ ಮಾತಾಯಿತು. ನಿಮ್ಮನ್ನು ಮಾತ್ರ ಯಾರೂ ಕೇಳಲಿಲ್ಲ. ನಾನು ನೋಡಿದ್ದೇನೆ, ಹೇಳುತ್ತೇನೆ. ಬೆಳಿಗ್ಗೆ ನಮ್ಮ ಹಿತ್ತಲಲ್ಲೇ ಕೂತು ಅನಾನಸಿನ ಸಿಪ್ಪೆ ಕೆತ್ತಿ, ಕಣ್ಣು ತೆಗೆದು, ಅರ್ಧವನ್ನು ಸಣ್ಣಗೆ ಹೆಚ್ಚಿದಿರಿ, ಅರ್ಧವನ್ನು ಅರೆದು ಸೋಸಿದಿರಿ. ಮೋಸಂಬಿ, ಕಿತ್ತಳೆ, ನಿಂಬೆ ಹಿಂಡಿದಿರಿ. ಹಿಂಡಿ ಕೊಟ್ಟವನು ನಾನೂ ಹೌದು. ಸಕ್ಕರೆಯನ್ನು ಜಜ್ಜಿದ ಶುಂಠಿಯೊಂದಿಗೆ ಕುದಿಸಿ ಆರಿಸಿದಿರಿ. ಚಿಟಿಕೆ ಉಪ್ಪು. ಕಾಮಕಸ್ತೂರಿಯ ಬೀಜ ಬೇರೆ ತಂಬಿಗೆಯಲ್ಲಿ ನೆನೆಸಿದ್ದಿರಿ. ಸೋಡಾ ಮತ್ತು ಬರ್ಫ ಮಾತ್ರ ಮಂದಿ ಬಂದ ಮೇಲೆ ಎಂದಿರಿ. ಬೇರೆ ಏನೂ ಹಾಕಲಿಲ್ಲ. ನಾನು ಅಲ್ಲಿಂದ ಎದ್ದು ಹೋಗಿರಲಿಲ್ಲ.

ಎಲ್ಲವೂ ನೀವು ತಂದ ಸ್ಟೀಲ್ ಡಬ್ಬಿಯಲ್ಲಿತ್ತು. ಆಗ ಅವ್ವ ಹಿತ್ತಲ ಬಾಗಿಲಿಗೆ ಬಂದಳು. ಡಬ್ಬಿ ನೋಡಿದಳು, ನಿಮ್ಮನ್ನು ನೋಡಿದಳು.

"ಶಮಶಾದ, ರಸಾ ನಮ್ಮ ಬೋಗಾಣ್ಯಾಗ ಹಾಕವಾ. ಬೀಗರು ಬಿಜ್ಜರು ಬರ್ತಾರ. ಯಾರ ಮನೀ ಡಬ್ಬಿ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಅದರ ಅರ್ಥ ನಮಗೆಲ್ಲ ಗೊತ್ತಿತ್ತು, ನಿಮಗೂ. ನಮ್ಮ ಮನೆಯಲ್ಲಿ ನಿಮ್ಮ ಕೈ ನಡೆಯುತ್ತಿತ್ತು, ಪಾತ್ರೆ ನಡೆಯುತ್ತಿರಲಿಲ್ಲ. ಬಂದ ಮಂದಿಯ ಕಣ್ಣಿಗೆ ಪಾತ್ರೆ ನಮ್ಮದಾಗಿರಬೇಕು. ನಾಚಬೇಕಾದವರು ನಾವು. ಅದನ್ನೂ ನೀವೇ ಹಗುರ ಮಾಡಿದಿರಿ — "ಆತ್ ಬಿಡ್ರಿ ಅವ್ವಾ. ನಿಮ್ಮ ಬೋಗಾಣಿಗೂ ನೀರಡಿಕಿ ಆಗಿದ್ದೀತು."

ಸಿರಸಂಗಿಯ ತವರಿನಿಂದ ಅವ್ವನ ಜೊತೆ ಬಂದ ಬೋಗಾಣಿ ಅದು. ಅಟ್ಟದಿಂದ ಇಳಿಸಿದವನು ನಾನು. ಹೊರಮೈ ತಿಕ್ಕಿ ಹೊಳೆಯಿಸಿದವನೂ ನಾನು. ಒಳಗೆ ಬರೀ ನೀರು ಹಾಕಿ ತೊಳೆದೆ. ಒಳಗಿನ ತವರದ ಕಲಾಯಿ ಯಾವಾಗಲೋ ಹೋಗಿತ್ತು. ಕಲಾಯಿ ಹಾಕುವವರು ನಮ್ಮ ಓಣಿಗೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ತಳದಲ್ಲಿ, ಕಂಠದ ಕೆಳಗೆ, ಹಸಿರು ಕಿಲುಬು ಇತ್ತು. ಇತ್ತು — ನೋಡಿದೆ. ಕಲಾಯಿ ಇಲ್ಲದ ಪಾತ್ರೆಗೆ ಮಜ್ಜಿಗೆ ಹಾಕಬಾರದು, ಸಾರು ಹಾಕಬಾರದು ಎಂಬುದು ನಮ್ಮ ಮನೆಯಲ್ಲಿ ಹಾಲುಗೂಸಿಗೂ ಗೊತ್ತಿದ್ದ ಮಾತು. ಆದರೆ ಅದು ಹುಳಿಯ ಮಾತು. ಇದು ಸಿಹಿ, ಸಕ್ಕರೆ ಹಾಕಿದ್ದು, ಕೇಕಿನ ಜೊತೆ ಕುಡಿಯುವಂಥದ್ದು. ನಿಂಬೆಯನ್ನು ಕೈಯಾರೆ ಹಿಂಡಿದ ನನಗೇ ಅದು ಹುಳಿ ಎಂದು ಹೊಳೆಯಲಿಲ್ಲ. ಡಬ್ಬಿ ಎತ್ತಿ ಸುರಿದೆ. ಸಂಜೆಯವರೆಗೆ ಅದು ತಾಮ್ರದಲ್ಲೇ ಕೂತಿತ್ತು.

ಇಲ್ಲಿಯವರೆಗಿನದನ್ನು ಮರೆವು ಎನ್ನಬಹುದು. ಇನ್ನು ಮುಂದಿನದಕ್ಕೆ ಆ ಹೆಸರು ಹೊಂದುವುದಿಲ್ಲ.

ಸಂಜೆ ಮೊದಲ ಗ್ಲಾಸು ಎತ್ತಿದವರು ಬಸಪ್ಪ ಕಾಕಾ. ಬಾಯಿ ಚಪ್ಪರಿಸಿದರು. "ರೊಕ್ಕದ ಬಿಲ್ಲಿ ನೆಕ್ಕಿಧಂಗ ಅನಸ್ತೈತೆಲ್ಲೋ."

"ಶುಂಠಿ ಇರಬೇಕ್ರಿ, ಕುಡೀರಿ," ಎಂದು ಯಾರೋ ಅಂದರು. ಆ ಯಾರೋ — ನಾನೇ. ನನ್ನ ಗ್ಲಾಸಿನಲ್ಲೂ ನಾಣ್ಯ ನೆಕ್ಕಿದಂಥ ಆ ರುಚಿ ಇತ್ತು. ಒಂದು ಗುಟುಕಿಗೆ ಕೆಳಗಿಟ್ಟಿದ್ದೆ.

ಬಲೂನು ಇನ್ನೂ ಕಟ್ಟೇ ಇದ್ದವು, ಅಷ್ಟರಲ್ಲಿ ಕಾಕಾ ಅಂಗಳಕ್ಕೆ ಓಡಿದರು. ಅವರ ಹಿಂದೆ ಮಕ್ಕಳು, ವೈನಿಯ ತಾಯಿ. ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರ ಬೆನ್ನನ್ನು ನೀವು ಸವರುತ್ತಿದ್ದಿರಿ. ಜನರನ್ನು ದವಾಖಾನೆಗೆ ಒಯ್ದದ್ದು ಮೌಲಾಸಾಬರ ಟೆಂಪೋದಲ್ಲೇ. ದೇವರು ದೊಡ್ಡವನು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಸಲಾಯನ್ ಹಚ್ಚಿಸಿಕೊಂಡು ಮರುದಿನ ಎಲ್ಲರೂ ಮನೆಗೆ ಬಂದರು.

ಆದರೆ ಅಲ್ಲಿ ಡಾಕ್ಟರರು ನನ್ನನ್ನು ಒಂದು ಮಾತು ಕೇಳಿದರು. ನಾನು ಕಾಕಾನ ಮಂಚದ ತಲೆಯ ಕಡೆ ನಿಂತಿದ್ದೆ. ಅಣ್ಣ ಬಾಗಿಲಲ್ಲಿದ್ದ.

"ಕುಡಿಯೂದನ್ನ ಯಾವ ಪಾತ್ರ್ಯಾಗ ಇಟ್ಟಿದ್ರಿ?"

ಆ ಪ್ರಶ್ನೆ ಬಂದದ್ದೇ ತಡ, ಹಸಿರು ಕಿಲುಬು ಕಣ್ಣ ಮುಂದೆ ಬಂತು. ಅವ್ವನ ಮುಖ ಬಂತು. ಬೀಗರ ಮುಂದೆ, ಅವ್ವನ ತವರಿನ ಪಾತ್ರೆಯೇ ಮಂದಿಯನ್ನು ಮಲಗಿಸಿತು ಎಂದು — ಯಾಕೆ ಅದರಲ್ಲಿ ಹಾಕಿದಿರಿ ಎಂದು ಕೇಳಿದರೆ — ಇಷ್ಟೆಲ್ಲ ಒಂದು ಉಸಿರಿನಲ್ಲಿ ಬಂದು ಹೋಯಿತು. ನಾನು ಹೇಳಿದೆ:

"ಅವರು ಸ್ಟೀಲ್ ಡಬ್ಬಿ ತಂದಿದ್ದರ್ರಿ."

ಈ ಮಾತನ್ನು ವರ್ಷಗಟ್ಟಲೆ ತಿರುವಿ ತಿರುವಿ ನೋಡಿದ್ದೇನೆ, ಶಮಶಾದಕ್ಕ. ಇದರಲ್ಲಿ ಸುಳ್ಳಿನ ಒಂದಕ್ಷರವಿಲ್ಲ. ನೀವು ಸ್ಟೀಲ್ ಡಬ್ಬಿ ತಂದದ್ದು ನಿಜ. ಕೇಳಿದ್ದಕ್ಕೆ ಮಾತ್ರ ಅದು ಉತ್ತರವಲ್ಲ. ಅದು ಗೊತ್ತಿದ್ದೇ ಹೇಳಿದೆ. ಡಾಕ್ಟರರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು. ಬಾಗಿಲಲ್ಲಿದ್ದ ಅಣ್ಣ ಆ ಒಂದು ಶಬ್ದ ಹಿಡಿದುಕೊಂಡು ಹೋದ — 'ಅವರು'.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಉಳಿದದ್ದನ್ನು ಮೋರಿಗೆ ಚೆಲ್ಲಿ ಬೋಗಾಣಿಯೊಳಗೆ ನೋಡಿದೆ. ಒಂದು ಗೆರೆ ಇತ್ತು. ಗೆರೆಯ ಮೇಲೆ ಹಳೆಯ ಕಪ್ಪು, ಹಳೆಯ ಕಿಲುಬು. ಗೆರೆಯ ಕೆಳಗೆ, ಸುತ್ತಲೂ ತಳದವರೆಗೂ, ಆಗಷ್ಟೇ ಹುಣಸೆಹಣ್ಣಿನಲ್ಲಿ ಬೆಳಗಿದಂತೆ ಕೆಂಪಗೆ ಹೊಳೆಯುವ ತಾಮ್ರ. ನಾನು ಅಲ್ಲಿ ತಿಕ್ಕಿರಲಿಲ್ಲ. ತಿಕ್ಕಿದ್ದು ನಿಂಬೆ, ಅನಾನಸು. ಹೋದ ಕಿಲುಬು ಎಲ್ಲಿಗೆ ಹೋಯಿತು? ಗ್ಲಾಸುಗಳಿಗೆ. ಕಾಲುವೆಯ ಕಲ್ಲಿನ ಮೇಲೆ ನೀರು ಎಲ್ಲಿಯವರೆಗೆ ಇತ್ತೆಂದು ಓದುವವನು ನಾನು. ಇಷ್ಟು ಸ್ಪಷ್ಟವಾದ ಗೆರೆಯನ್ನು ಕಾಲುವೆಯಲ್ಲೂ ನೋಡಿರಲಿಲ್ಲ.

ಅವ್ವ ಬಂದು ಪಕ್ಕದಲ್ಲಿ ನಿಂತಳು. ಬಗ್ಗಿ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು:

"ಒಳಗೂ ಚಂದಂಗ ತಿಕ್ಕಪಾ."

ಅವಳಿಗೆ ಗೊತ್ತಾಗಿತ್ತೇ? ಅಥವಾ ಬರೀ ಪಾತ್ರೆ ಸ್ವಚ್ಛವಾಗಲಿ ಎಂದಳೇ? ಹಿಂದಿನ ದಿನ ಅಟ್ಟದಿಂದ ಬೋಗಾಣಿ ಇಳಿಸಿದಾಗಲೂ ಒಳಗೆ ನೋಡಿದ್ದಳೇ? ಅವಳ ಕೊನೆಗಾಲದವರೆಗೆ ನನಗೆ ಅವಳ ಮೇಲೆ ಈ ಗುಮಾನಿ ಇತ್ತು, ಅವಳಿಗೆ ನನ್ನ ಮೇಲೆ ಇತ್ತೆಂದು ಕಾಣುತ್ತದೆ. ಒಂದೇ ಮನೆಯಲ್ಲಿ ಉಂಡೆವು, ಒಬ್ಬರನ್ನೊಬ್ಬರು ಕೇಳಲಿಲ್ಲ. ಅವಳು ಹೇಳಿದ್ದಕ್ಕೆ ತಿಕ್ಕಿದೆ ಎಂದು ನಾನು ಬರೆಯುವುದಿಲ್ಲ. ಅವಳು ಬರುವ ಮೊದಲೇ ಹುಣಸೆಹಣ್ಣು ನನ್ನ ಕೈಯಲ್ಲಿತ್ತು. ಗೆರೆ ಹೋಗುವವರೆಗೆ ತಿಕ್ಕಿದೆ.

ಕೈ ತೊಳೆದು ತಿರುಗಿದಾಗ ಹಿತ್ತಲ ಬಾಗಿಲಲ್ಲಿ ವೈನಿ ಇದ್ದರು, ಕಂಕುಳಲ್ಲಿ ಶಿವು, ಕೈಯಲ್ಲಿ ಎಣ್ಣೆಯ ಬಟ್ಟಲು. ತಿರುಗಿ ಒಳಗೆ ಹೋದರು.

ಅಂದೇ, ಇನ್ನೂ ಊಟದ ಹೊತ್ತಾಗಿರಲಿಲ್ಲ, ನೀವು ಬಂದಿರಿ. ಓಣಿಯಲ್ಲಿ ಆಗಲೇ ಮಾತು ಹಬ್ಬಿತ್ತು — ಶರಬತ್ತಿನಲ್ಲಿ ತೇಲುತ್ತಿದ್ದ ಆ ಕಪ್ಪು ಬೀಜ ಏನು? ಯಾರು ಕೊಟ್ಟದ್ದು? ನಮ್ಮ ಮಂದಿಗೇ ಯಾಕೆ ಆಯಿತು, ಅವರ ಮನೆಯವರಿಗೆ ಯಾಕೆ ಆಗಲಿಲ್ಲ? ಓಡಾಡಿ ಹಂಚುತ್ತಿದ್ದ ನೀವು ಒಂದು ಗ್ಲಾಸೂ ಕುಡಿದಿರಲಿಲ್ಲ. ಅದೂ ಈಗ ಎಲ್ಲರಿಗೂ ನೆನಪಾಗಿತ್ತು. ನಿಮ್ಮ ಕೈಯಲ್ಲಿ ಕಾಮಕಸ್ತೂರಿಯ ಪೊಟ್ಟಣ. ನಮ್ಮ ಹೊಸ್ತಿಲ ಹೊರಗೇ ನಿಂತು, ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಿರಿ. ಒಣ ಬೀಜ, ನುಂಗಲಾಗದೆ ಕೆಮ್ಮಿದಿರಿ.

"ನೋಡ್ರಿ, ನಾ ತಿಂತೇನಿ. ಇದರಾಗ ಏನೈತಿ? ಶಾಂತಾ, ನೀ ಬಾಣಂತಿ ಇದ್ದಾಗ ಇದನ್ನs ನೆನಸಿ ಕೊಟ್ಟಿಲ್ಲೇನು ನಿನಗ?"

ವೈನಿ ಕೂಸಿನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

ಅಣ್ಣ ಅಂದ, "ನಾವೇನ್ ಅಂದೇವೇನ್ರಿ? ಮಂದಿ ಅನ್ನಾಕತ್ತಾರ."

ಆಗ ನೀವು ನನ್ನ ಕಡೆ ತಿರುಗಿದಿರಿ. ನಾನು ನಡುಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ.

"ಮಲ್ಲಪ್ಪಾ, ನೀ ಬಾಜೂಕ ಕುಂತಿದ್ದೆಲ್ಲಪಾ. ನೀನರ ಹೇಳು."

ಒಂದು ಮಾತು ಸಾಕಿತ್ತು. ಬೋಗಾಣಿ — ಅಷ್ಟು ಅಂದಿದ್ದರೂ ಸಾಕಿತ್ತು. ನನ್ನ ಬೆರಳ ಸಂದಿಯಲ್ಲಿ ಆಗಿನ್ನೂ ಹುಣಸೆಹಣ್ಣಿನ ನಾರಿತ್ತು. ನಾನು ನಿಮ್ಮನ್ನು ನೋಡಿದೆ, ಅವ್ವನನ್ನು ನೋಡಿದೆ, ಒಳಗೆ ಹೋದೆ.

ಆಮೇಲಿನದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಶರಬತ್ತು ಕೇಳುವವರು ನಿಮ್ಮ ಬಾಗಿಲಿಗೆ ಬರುವುದು ನಿಂತಿತು. ಅಂಗಡಿಯ ಮಾತು ಅಲ್ಲಿಗೇ ಉಳಿಯಿತು. ಶಿವು ಗೋಡೆಯ ಕಡೆ ಕೈ ಚಾಚಿ ಅತ್ತರೂ ಅವನನ್ನು ಆಚೆ ದಾಟಿಸುತ್ತಿರಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ನೀವು ಬೈಲಹೊಂಗಲಕ್ಕೆ ಹೋದಿರಿ. ಟೆಂಪೋಕ್ಕೆ ಸಾಮಾನು ಏರಿಸುವಾಗ ಆ ಸ್ಟೀಲ್ ಡಬ್ಬಿಯೂ ಇತ್ತು. ನಾನು ಕಿಟಕಿಯ ಹಿಂದೆ ನಿಂತಿದ್ದೆ, ಹೊರಗೆ ಬರಲಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆಂದರೆ — ಶಿವುಗೆ ಹೆಣ್ಣು ಗೊತ್ತಾಗಿದೆ. ಆ ಹುಡುಗಿ ತನ್ನ ತಾಯಿಯೊಂದಿಗೆ ಮನೆ ನೋಡಲು ಬಂದಿದ್ದಳು. ಚಹಾ ಕುಡಿಯುತ್ತ ಶಿವು ನಗುತ್ತ ಅಂದ:

"ನಾ ಗಟ್ಟಿ ಮನಷ್ಯಾ ಇದ್ದೇನಿ ಮತ್ತ. ನನ್ನ ಮೊದಲನೇ ಬರ್ತಡೇಕ ಬಾಜೂ ಮನೀ ಹೆಂಗಸು ಶರಬತ್ತಿನಾಗ ವಿಷಾ ಹಾಕಿದ್ಲಂತ. ಅದನ್ನೂ ದಾಟಿ ಬಂದೇನಿ."

ವಿಷ. ಆ ಶಬ್ದವನ್ನು ಅಂದು ಯಾರೂ ಆಡಿರಲಿಲ್ಲ. ನಾನು ಬಿಟ್ಟುಹೋದ ಖಾಲಿ ಜಾಗದಲ್ಲಿ ಅದು ತಾನೇ ಬೆಳೆದಿತ್ತು. ನಿಮ್ಮ ತೊಡೆಯ ಮೇಲೆ ಕೂರಲು ಕಲಿತವನ ಬಾಯಲ್ಲಿ ಅದು ನಗುವ ಮಾತಾಗಿತ್ತು. ಆ ಹುಡುಗಿ ನಾಳೆ ತನ್ನ ಮಕ್ಕಳಿಗೆ ಹೇಳುತ್ತಾಳೆ. ನಾನು ಚಹಾ ಬಟ್ಟಲನ್ನು ಕುಡಿಯದೆ ಕೆಳಗಿಟ್ಟೆ. ಅಣ್ಣ ನೋಡಿದ, ಆರಾಮ ಇಲ್ಲವೇನೋ ಎಂದ.

ಮರುದಿನ ವೈನಿಗೆ ಹೇಳಿದೆ — ಶಮಶಾದಕ್ಕನಿಗೆ ಬರೆಯುತ್ತೇನೆ, ಎಲ್ಲವನ್ನೂ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು.

"ನಾ ಬಾಗಲದಾಗ ನಿಂತಿದ್ದೆ ಮಲ್ಲಪ್ಪಾ. ಗೆರಿ ಕಂಡಿತ್ತು. ತವರಿನ್ಯಾಗ ನಮ್ಮವ್ವ ಹಂತಾ ಪಾತ್ರಿಗೆ ಮಜ್ಜಿಗಿ ಮುಟ್ಟಸ್ತಿರಲಿಲ್ಲ. ಶಮಶಾದ ನನ್ನ ಹೆಸರ ಹಿಡದು ಕೇಳಿದ್ಲು, ನಾ ಕೂಸಿನ ಕಾಲ ತಿಕ್ಕೋತ ಕುಂತೆ." ಮೊರ ಮತ್ತೆ ಎತ್ತಿಕೊಂಡು ಅಂದರು, "ಬರಿಯೂದಿದ್ರ ನನ್ನ ಹೆಸರೂ ಬರಿ."

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಶಿವುವನ್ನು ಕರೆದುಕೊಂಡು ಬೈಲಹೊಂಗಲಕ್ಕೆ ನಾನೇ ಬರುತ್ತೇನೆ. ಅವನ ಮುಂದೆಯೇ ಓದುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಹೊಸ್ತಿಲ ಹೊರಗೆ ನಿಂತು ಓದುತ್ತೇನೆ, ನೀವು ನಿಂತ ಹಾಗೆ. ಆಮೇಲೆ ನಿಶ್ಚಯದ ದಿನ, ಬೀಗರ ಕೈಗೆ ಗ್ಲಾಸು ಹೋಗುವ ಮೊದಲು, ಎಲ್ಲರೆದುರು ಇನ್ನೊಮ್ಮೆ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಸಾಕ್ಷಿ ಹೇಳುವುದಷ್ಟೇ ನನ್ನ ಪಾಲಿಗೆ ಉಳಿದದ್ದು.

ಬೋಗಾಣಿಯ ಒಳಗಿನ ಆ ಗೆರೆಯನ್ನು ನನ್ನ ಜೊತೆ ನೋಡಿದವರು ಇವರು: ನನ್ನ ಅವ್ವ ಪಾರ್ವತೆವ್ವ — ಈಗಿಲ್ಲ. ನನ್ನ ವೈನಿ, ನಿಮ್ಮ ಗೆಳತಿ ಶಾಂತಾ — ಇದ್ದಾರೆ.