ಕುಣಿಕೆ ಕೋಲು

ಬೆಳಕು ಹರಿಯುವುದರೊಳಗೆ ಲಾಯದಕ್ಕ ಒಲೆ ಹಚ್ಚಿ ನೀರು ಕಾಯಿಸಬೇಕು, ಗಂಡನ ಬೂಟಿಗೆ ಮೆತ್ತಿದ ಲದ್ದಿ ಕೆರೆಯಬೇಕು, ಮೂರು ಬುತ್ತಿ ಕಟ್ಟಬೇಕು, ಮಗಳ ಜಡೆ ಹೆಣೆಯಬೇಕು. ಆಮೇಲೆ ಅಂಗಳ ದಾಟಿ ಗಬ್ಬದ ಕುದುರೆಗಳ ಅಂಕಣಗಳಲ್ಲಿ ನೆನೆದ ಹುಲ್ಲು ಎತ್ತಿ, ಒಣಹುಲ್ಲು ಹಾಸಿ, ಬಾನಿಗಳಿಗೆ ನೀರು ತುಂಬಬೇಕು. ಇದಿಷ್ಟಕ್ಕೂ ಮೊದಲು, ಮನೆಯೆಲ್ಲ ಮಲಗಿರುವಾಗಲೇ, ಕುಣಿಕೆ ಕೋಲನ್ನು ಹುಲ್ಲಿನ ಮೆದೆಯೊಳಗೆ ಹುದುಗಿಸಬೇಕು. ಗಂಡ ಅದನ್ನು ಹುಡುಕಿ ತೆಗೆಯುತ್ತಿದ್ದ. ಇವಳು ಮತ್ತೆ ಹುದುಗಿಸುತ್ತಿದ್ದಳು. ಈ ಒಂದು ಕೆಲಸಕ್ಕೆ ಇಬ್ಬರೂ ಯಾವತ್ತೂ ಬೇಸರಪಟ್ಟುಕೊಂಡವರಲ್ಲ.

ಮೊಳದುದ್ದದ ಕೋಲು, ತುದಿಗೆ ಹಗ್ಗದ ಕುಣಿಕೆ. ಕುದುರೆಯ ಮೇಲ್ದುಟಿಗೆ ಕುಣಿಕೆ ಸಿಕ್ಕಿಸಿ ಕೋಲು ತಿರುಚಿದರೆ ಕುದುರೆ ಕಲ್ಲಿನಂತೆ ನಿಂತುಬಿಡುತ್ತದೆ. ಸೂಜಿ ಒಳಹೋದದ್ದೂ ಅದಕ್ಕೆ ತಿಳಿಯುವುದಿಲ್ಲ. ಲಾಯದ ಮೇಸ್ತ್ರಿಯಾಗಿದ್ದ ಗಂಡನದು ಈ ತಿರುಚುವುದರಲ್ಲಿ ಎತ್ತಿದ ಕೈ. ಮದುವೆಯಾದ ಹೊಸತರಲ್ಲಿ, ಅಂಗಿ ಒಣಗಿಲ್ಲವೆಂಬ ಸಿಟ್ಟಿಗೆ, ಅದನ್ನು ಇವಳ ತುಟಿಗೂ ಸಿಕ್ಕಿಸಿದ್ದ. ಗುರುತು ಇನ್ನೂ ಇದೆ. ಯಾರಾದರೂ ಕೇಳಿದರೆ, "ಕತ್ತೆ ಒದೀತು," ಅನ್ನುವಳು. ಪೂರ್ತಿ ಸುಳ್ಳೇನಲ್ಲ ಎಂದು ಒಳಗೊಳಗೇ ನಗುವಳು.

ಆವತ್ತು ಜಡೆ ಹೆಣೆಯುವಾಗ ಬೆರಳು ತಾಕಿದ್ದೇ ಮಗಳು ಮುದುಡಿಕೊಂಡಳು. ಕಿವಿಯ ಹಿಂದೆ ಚರ್ಮ ಸುಲಿದು, ಹಗ್ಗದ ಎಳೆಗಳ ಗುರುತು ಎದ್ದಿತ್ತು.

"ಯಾವಾಗ?"

"ನಿನ್ನೆ ನೀನು ಲಾಯದಲ್ಲಿದ್ದಾಗ. ಕರೆದ ತಕ್ಷಣ ಬರ್ಲಿಲ್ಲ ಅಂತ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಯಾರಿಗಮ್ಮ ಹೇಳಿದ್ದೆ?"

ಲಾಯದಕ್ಕ ಮಗಳ ಕಿವಿ ಮುಚ್ಚುವಂತೆ ಕೂದಲು ಸಡಿಲಬಿಟ್ಟು ಜಡೆ ಮುಗಿಸಿದಳು.

ಅಂದು ಲಸಿಕೆಯ ದಿನ. ಈಯಲು ತಿಂಗಳಿರುವಾಗ ಧನುರ್ವಾಯುವಿಗೂ ಕುದುರೆ ಫ್ಲೂಗೂ ಚುಚ್ಚಿಸಿದರೆ, ಮರಿ ಕುಡಿಯುವ ಮೊದಲ ಹಾಲಿನಲ್ಲೇ ಅದರ ಕಾವಲೂ ಇಳಿದುಬರುತ್ತದೆ. ಡಾಕ್ಟರು ಬೆಳ್ಳಂಬೆಳಿಗ್ಗೆಯೇ ಲಸಿಕೆಯ ಐಸ್ ಡಬ್ಬಿ ಹಿಡಿದು ಬಂದರು. ಸೂಜಿ ಹಾಕುವವರೂ ತಲೆಹಗ್ಗ ಹಿಡಿಯುವವರೂ ಒಂದೇ ಮಗ್ಗುಲಲ್ಲಿ ನಿಲ್ಲುವುದು ಲಾಯದ ಕಟ್ಟಳೆ. ಕುದುರೆ ಕೆರಳಿದರೆ ತಲೆಯನ್ನು ತಮ್ಮ ಕಡೆಗೆ ಎಳೆಯಬೇಕು. ಹಿಂಭಾಗ ತಾನಾಗಿ ಆಚೆ ತಿರುಗುತ್ತದೆ. ಹಗ್ಗ ಹಿಡಿದವರ ಕೈಯಲ್ಲಿ ಉಳಿದವರ ಜೀವ.

ಕೊನೆಗೆ ಉಳಿದದ್ದು ಕೆಂಚಿ, ಹೊಟ್ಟೆ ಇಳಿಬಿದ್ದಿದ್ದ ಕೆಂಪು ಕುದುರೆ. ಲಾಯದಕ್ಕ ತಲೆಹಗ್ಗ ಹಿಡಿದು ಅದರ ಹಣೆ ತಿಕ್ಕುತ್ತ ನಿಂತಳು. ಅದು ಅವಳ ಭುಜಕ್ಕೆ ಗದ್ದ ಊರಿತು.

"ಅಕ್ಕ ಹಿಡಿದಿದ್ರೆ ಸಾಕು ಮೇಸ್ತ್ರಿ, ಕೋಲು ಬೇಡ," ಅಂದರು ಡಾಕ್ಟರು.

"ಹೆಂಗಸರ ಮುದ್ದಿಗೆ ಕುದುರೆ ನಿಲ್ಲುತ್ತಾ ಡಾಕ್ಟ್ರೇ? ಮನೇಲಿ ಹೆಂಗಸರೇ ನಿಲ್ಲಲ್ಲ," ಎಂದ ಮೇಸ್ತ್ರಿ. ಆಳುಗಳು ನಕ್ಕರು. ಕೋಲು ಆಗಲೇ ಅವನ ಕೈಯಲ್ಲಿತ್ತು.

ಕುಣಿಕೆ ಸಿಕ್ಕಿಸಿದ. ತಿರುಚಿದ. ಕುದುರೆ ನಿಂತ ಮೇಲೂ ತಿರುಚಿದ.

"ಬಿಡಿ, ತುಟಿ ಹರಿಯುತ್ತೆ," ಅಂದಳು.

ಅವನು ಹೆಂಡತಿಯ ಮುಖವನ್ನೇ ನೋಡುತ್ತ ಇನ್ನೊಂದು ಸುತ್ತು ಕೊಟ್ಟ. ತುಟಿ ಸೀಳಿ ಕುಣಿಕೆ ಜಾರಿತು. ಅವಳ ಕೆನ್ನೆಯ ಮೇಲೆ ರಕ್ತ ಚಿಮ್ಮಿತು. ಕೆಂಚಿ ಮುಂಗಾಲೆತ್ತಿ ನಿಂತಿತು. ಡಾಕ್ಟರು ಬಾಗಿಲಾಚೆ ಹಾರಿದರು. ಮೇಸ್ತ್ರಿ ಕೋಲಿನಿಂದ ಅದರ ಕಣ್ಣಿಗೇ ಬಾರಿಸಿದ. ಅಷ್ಟಕ್ಕೂ ಸಾಲದೆ ಹಿಂದೆ ಹೋಗಿ ಬೆನ್ನಿಗೆ, ತೊಡೆಗೆ, ತುಂಬಿದ ಹೊಟ್ಟೆಗೆ ಹೊಡೆಯತೊಡಗಿದ. ಕೆಂಚಿ ಒದೆಯಿತು. ಒಣ ಕೊಂಬೆ ಮುರಿದಂಥ ಸದ್ದು. ಅವನು ಗೋಡೆಗೆ ಬಡಿದು ಅವಳ ಮಗ್ಗುಲಿನ ಮೂಲೆಯಲ್ಲಿ ಕುಸಿದ. ತೊಡೆಯ ಮೂಳೆ ಪ್ಯಾಂಟು ಹರಿದು ಹೊರಗೆ ಬಂದಿತ್ತು. ಎರಡನೆಯ ಒದೆ ಅವನ ತಲೆಯ ಪಕ್ಕದ ಇಟ್ಟಿಗೆಯನ್ನು ಪುಡಿಮಾಡಿತು. ಗೊರಸು ಮತ್ತೆ ಮೇಲೆದ್ದಿತು.

ಹಗ್ಗ ಲಾಯದಕ್ಕನ ಮುಷ್ಟಿಯಲ್ಲಿತ್ತು. ಸ್ವಲ್ಪ ಸಡಿಲಬಿಟ್ಟಿದ್ದರೂ ಸಾಕಿತ್ತು, ಯಾರೂ ಬೆರಳೆತ್ತಿ ತೋರಿಸುತ್ತಿರಲಿಲ್ಲ. ಮಗಳ ಕಿವಿ ಕಣ್ಣಮುಂದೆ ಬಂತು. ಆದರೆ ಮನುಷ್ಯನನ್ನು ಕೊಂದ ಕುದುರೆಯನ್ನು ಮಾಲೀಕರು ಸಂಜೆಯವರೆಗೂ ಉಳಿಸುವುದಿಲ್ಲ. ಹೊಟ್ಟೆಯ ಮರಿಯೂ ಅದರ ಜೊತೆಗೇ ಹೋಗುತ್ತದೆ. ಮೈಯ ಭಾರವೆಲ್ಲ ಹಾಕಿ ತಲೆಯನ್ನು ತನ್ನ ಕಡೆಗೆ ಎಳೆದಳು. ಹಿಂಭಾಗ ಆಚೆ ತಿರುಗಿತು. ಗೊರಸು ಬಾಗಿಲ ಹಲಗೆಯನ್ನು ಸೀಳಿತು. ಆಳುಗಳು ಮೇಸ್ತ್ರಿಯನ್ನು ದರದರ ಎಳೆದುಕೊಂಡು ಹೋದರು.

ಆಸ್ಪತ್ರೆಗೆ ಒಯ್ಯಲು ವ್ಯಾನು ಬಂತು. ಹಲಗೆಯ ಮೇಲೆ ಮಲಗಿಸಿದ ಅವನ ಮುಖ ಬಿಳಿಚಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು.

"ವ್ಯಾನು ಹತ್ತೇ. ಅಲ್ಲಿ ಒಂದಕ್ಕೆ ಎರಡಕ್ಕೆ ಎತ್ತೋರು ಯಾರು? ಕಾಲು ಸರಿಯಾಗ್ಲಿ, ಹಗ್ಗ ಯಾಕೆ ತಡವಾಗಿ ಎಳೆದೆ ಅಂತ ಕೇಳ್ತೀನಿ."

ಅವಳು ಕದಲಲಿಲ್ಲ.

"ಬರಲ್ವಾ? ಹಾಗಾದ್ರೆ ಹುಡುಗೀನ ಹತ್ತಿಸು. ಸ್ಕೂಲೇನು ಓಡಿಹೋಗಲ್ಲ."

"ಹೋಗಿ ಬಾ ಅಕ್ಕ, ಕೆಂಚೀದು ನಾಳೆ ನೋಡೋಣ," ಎಂದರು ಡಾಕ್ಟರು. ಆಳುಗಳೆಲ್ಲ ಅವಳಿಗೆ ದಾರಿ ಬಿಟ್ಟು ನಿಂತಿದ್ದರು. ಗೇಟಿನ ಹತ್ತಿರ ಬ್ಯಾಗು ಹೆಗಲಿಗೇರಿಸಿ ನಿಂತಿದ್ದ ಮಗಳು ವ್ಯಾನಿನ ಕಡೆಗೆ ಒಂದು ಹೆಜ್ಜೆ ಇಟ್ಟೂ ಆಗಿತ್ತು.

ಲಾಯದಕ್ಕ ಬೆಳಿಗ್ಗೆ ಕಟ್ಟಿದ ಅವನ ಬುತ್ತಿ ತಂದು ತಲೆಯ ಪಕ್ಕ ಇಟ್ಟಳು, ನೀರಿನ ಬಾಟಲಿಯನ್ನೂ ಇಟ್ಟಳು. ಕೆಳಗಿಳಿದು ಬಾಗಿಲನ್ನು ಹೊರಗಿನಿಂದ ಹಾಕಿದಳು. ಬಯಲಿಗೆ ಅಟ್ಟುವ ಕುದುರೆಯ ಪಿರ್ರೆಗೆ ತಟ್ಟುವಂತೆ ವ್ಯಾನಿನ ತಗಡಿಗೆ ಅಂಗೈಯಿಂದ ತಟ್ಟಿದಳು. ಚಾಲಕ ಒಂದು ಗಳಿಗೆ ಕಾದು ಹೊರಟ.

"ಸ್ಕೂಲಿಗೆ ಹೊತ್ತಾಯ್ತು, ನಡಿ," ಎಂದಳು ಮಗಳಿಗೆ. ಆಮೇಲೆ ಕೆನ್ನೆಯ ರಕ್ತ ಒರೆಸಿಕೊಂಡು ಅಂಕಣದ ಕಡೆಗೆ ತಿರುಗಿದಳು.

"ಬನ್ನಿ ಡಾಕ್ಟ್ರೇ. ತುಟಿಗೆ ಹೊಲಿಗೆ ಹಾಕಿ ಮೊದಲು. ನಾನು ಹಿಡ್ಕೊಳ್ತೀನಿ."