ಹುಳು ಮನೆಯಲ್ಲಿ ನಿಂತ ಕಾರು

ಆ ಕಾಲಕ್ಕೆ ನಮ್ಮ ದಿಬ್ಬೂರಹಳ್ಳಿ ಕಡೆ ಮನೆಗೆ ಬಂದ ನೆಂಟರಿಗಿಂತ ರೇಷ್ಮೆ ಹುಳುವಿಗೇ ಮರ್ಯಾದೆ ಜಾಸ್ತಿ. ನಾವು ಮಲಗುವ ಕೋಣೆ ಸೋರುತ್ತಿತ್ತು. ಹುಳು ಮನೆ ಮಾತ್ರ ತಂಪಾಗಿ, ಕಿಟಕಿಗೆಲ್ಲ ಬಲೆ ಬಿಗಿದು, ಇಲಿ ಇರುವೆ ನುಸುಳದ ಹಾಗಿತ್ತು. ಕಾಲು ತೊಳೆಯದೆ ಒಳಗೆ ಹೋದರೆ ಅಪ್ಪನಿಂದ ಬೆನ್ನಿಗೆ ಗುದ್ದು ಗ್ಯಾರಂಟಿ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಆ ಮರ್ಯಾದೆ ಒಂದು ಕಾರಿಗೆ ಸಿಕ್ಕಿತು. ಕಾರು ನನ್ನ ಚಿಕ್ಕಪ್ಪನದು. ಅವನು ಚಿಂತಾಮಣಿಯಲ್ಲಿ ಯಾರದೋ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬೆಂಗಳೂರಿನ ಸಾಹುಕಾರರೊಬ್ಬರು ಓಡಿಸಿ ಬಿಟ್ಟ ವಿದೇಶಿ ಕಾರು ಕೊಂಡು, ಒಂದೊಂದೇ ಪಾರ್ಟು ಹುಡುಕಿ ಹಾಕಿ ಅದಕ್ಕೆ ಜೀವ ಕೊಟ್ಟಿದ್ದ. ನೋಡಲು ಸಾಧಾರಣ ಕಪ್ಪು ಕಾರು. ಆಕ್ಸಿಲರೇಟರ್ ಮೇಲೆ ಕಾಲೊತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು! ನನ್ನನ್ನು ಮುಂದೆ ಕೂರಿಸಿಕೊಂಡು, "ಕಿವಿ ಕೊಡಮ್ಮ, ಇಂಜಿನ್ ಏನೋ ಹೇಳ್ತೈತೆ," ಅನ್ನುತ್ತಿದ್ದ. "ಹೊಟ್ಟೆ ಹಸೀತೈತಂತೆ," ಅಂದರೆ ಜೋರಾಗಿ ನಕ್ಕು, ಮೇಲೂರಿನಲ್ಲಿ ನಿಲ್ಲಿಸಿ ಬಿಸಿ ಬೋಂಡಾ ಕೊಡಿಸುತ್ತಿದ್ದ.

ಆ ಕಾರು ಮಾರಿ ಸ್ವಂತ ಗ್ಯಾರೇಜು ಹಾಕಬೇಕು ಅನ್ನುವುದೊಂದೇ ಅವನ ಆಸೆ. ಅಷ್ಟರಲ್ಲಿ ಹೈದರಾಬಾದಿನಲ್ಲಿ ಕೆಲವು ತಿಂಗಳ ಕೆಲಸ ಬಂತು.

"ಅಣ್ಣ, ನೀನೇ ನೋಡ್ಕೊ. ಮರದ ಕೆಳಗೆ ನಿಲ್ಲಿಸ್ಬೇಡ. ಇಲಿ ವೈರು ಕಡಿದ್ರೆ ಮುಗೀತು ಕತೆ," ಅಂದು ಬ್ಯಾಟರಿ ಬಿಚ್ಚಿಟ್ಟು, ಕೀ ಅಪ್ಪನ ಕೈಗಿಟ್ಟು ಹೋದ.

ಅಪ್ಪ ಆ ಸಲದ ಹುಳುವಿನ ಬೆಳೆಯನ್ನೇ ಬಿಟ್ಟರು. ಹುಳು ಮನೆಯ ಗೋಡೆ ಒಡೆಸಿ, ಬಾಗಿಲು ಅಗಲ ಮಾಡಿಸಿ ಕಾರನ್ನು ಒಳಗೆ ಸೇರಿಸಿದರು.

"ದಿನಾ ಎಷ್ಟು ಹೊತ್ತಿಗೆ ಸೊಪ್ಪು ಹಾಕ್ಬೇಕಂತೆ ಇದಕ್ಕೆ?" ಅಂತ ಅಮ್ಮ ಕಿಚಾಯಿಸಿದರು.

"ನಗಬೇಡ್ವೇ, ನನ್ನ ತಮ್ಮನ ಬಾಳು ಕಣೇ ಅದು."

ಆಮೇಲೆ, ಹೊಸ ಹುಳು ತರುವ ಮುಂಚೆ ಮಾಡುವಂತೆಯೇ, ನೆಲದ ತುಂಬ ಸುಣ್ಣ, ಬ್ಲೀಚಿಂಗ್ ಪೌಡರು ಹರಡಿ, ನೀರು ಚಿಮುಕಿಸಿ, ಬಾಗಿಲು ಕಿಟಕಿ ಭದ್ರ ಮಾಡಿದರು. ಘಾಟು ಕಡಿಮೆಯಾದಾಗಲೆಲ್ಲ ಮತ್ತೆ ಹಾಕಿದರು. ರೋಗ ರುಜಿನ ಒಂದೂ ಬರಬಾರದಲ್ಲ!

ಹೈದರಾಬಾದಿನ ಕೆಲಸ ಮುಗಿಸಿದ ಚಿಕ್ಕಪ್ಪ ಗೌರಿಬಿದನೂರಿನಿಂದ ಗಿರಾಕಿಯನ್ನು ಕರಕೊಂಡೇ ಬಂದ. ಬಾಗಿಲು ತೆಗೆದರೆ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಬ್ಯಾಟರಿ ಹಾಕಿದ. ಕಾರು ಕೆಮ್ಮಿತು, ನಿಂತಿತು. ಬಾನೆಟ್ ಎತ್ತಿದರೆ ವೈರಿನ ತುದಿಗಳೆಲ್ಲ ಹಸಿರು ಹಿಡಿದಿದ್ದವು. ಬ್ರೇಕಿನ ಮೇಲೆ ಕೆಂಪು ತುಕ್ಕು.

ಗಿರಾಕಿ ತೆಲುಗು ಕನ್ನಡ ಬೆರೆಸಿ ಸಿಡಿದುಬಿದ್ದ. "ನೀಳ್ಳಲ್ಲೋ ಮುನಿಗಿನ ಬಂಡಿ ಇದಿ! ನೀರಲ್ಲಿ ಮುಳುಗಿದ ಗಾಡಿ ತೊಳೆದು ನನ್ನ ತಲೆಗೆ ಕಟ್ತೀಯಾ? ನಿನ್ನ ಗ್ಯಾರೇಜಿಗೆ ಅದ್ಯಾರು ಬರ್ತಾರೋ ನೋಡ್ತೀನಿ."

"ದೇವ್ರಾಣೆ ಇಲ್ಲಣ್ಣ," ಅಂದ ಚಿಕ್ಕಪ್ಪ. ಗಿರಾಕಿ ತಿರುಗಿ ನೋಡಲಿಲ್ಲ.

ಚಿಕ್ಕಪ್ಪ ನೆಲದ ಬಿಳಿ ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದ. ವೈರು, ಕಬ್ಬಿಣ ತಿಂದದ್ದು ಆ ಪುಡಿಯ ಘಾಟೇ ಅಂತ ಅವನಿಗೆ ತಿಳಿಯಿತು.

"ಹುಳುಗೆ ಮಾಡೋ ಹಂಗೇ ಮಾಡ್ದೆ ಕಣೋ," ಅಪ್ಪ ತಡವರಿಸಿದರು.

"ನಿನ್ನ ಕೈಲಿ ಕೊಟ್ಟಿದ್ನಲ್ಲಣ್ಣ."

ಅಷ್ಟೇ ಅಂದದ್ದು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಮ್ಮ ತಂದ ಕಾಫಿ ಮುಟ್ಟಲಿಲ್ಲ. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳಕೊಂಡು ಹೋದ. ಮುಳುಗಿದ ಗಾಡಿ ಮಾರುವವನು ಅನ್ನೋ ಹೆಸರು ಚಿಂತಾಮಣಿಗೂ ಮುಟ್ಟಿ, ಗ್ಯಾರೇಜು ಕನಸಾಗೇ ಉಳಿಯಿತು. ವಾಪಸ್ ಹೈದರಾಬಾದಿಗೆ ಹೋದವನು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಾಗದೆ ನಾನು ಅತ್ತೂ ಅತ್ತೂ ಸುಮ್ಮನಾದೆ.

ಈಗ ನಮ್ಮಲ್ಲಿ ಹುಳು ಸಾಕುವುದಿಲ್ಲ. ಮೊನ್ನೆ ನಾನೊಂದು ಹಳೆಯ ಕಾರು ಕೊಂಡು ಊರಿಗೆ ಹೋದೆ. ಖಾಲಿ ಬಿದ್ದ ಹುಳು ಮನೆಯ ಅಗಲ ಬಾಗಿಲ ಕಡೆ ತಿರುಗಿಸುತ್ತಿದ್ದಂತೆ ಅಪ್ಪ ಕೈ ಅಡ್ಡ ಹಿಡಿದರು.

"ಹೊರಗೇ ನಿಲ್ಸಮ್ಮ. ಬಿಸಿಲು ಬಿದ್ರೆ ಬೀಳ್ಲಿ."

ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

"ತಗೊಳ್ಳೋಕೆ ಮುಂಚೆ ನಿನ್ನ ಚಿಕ್ಕಪ್ಪಂಗೆ ಒಂದು ಮಾತು ಕೇಳಿದ್ಯಾ?"

ಚಿಕ್ಕಪ್ಪನ ನಂಬರು ನನ್ನ ಹತ್ತಿರವೂ ಇರಲಿಲ್ಲ.