ಬೆಳ್ಳಮ್ಮನ ಸುಳ್ಳು ಚೌಡಿ

ನಿಟ್ಟೂರಿನಿಂದ ಕೊಡಚಾದ್ರಿಯ ಕಡೆಗೆ ಏರುವ ಕಾಡುದಾರಿಯಲ್ಲಿ ಬೆಳ್ಳಮ್ಮ ನಡೆಯುವುದನ್ನು ಹಿಂದಿನಿಂದ ನೋಡಿದವರು, ಈ ಹೆಂಗಸು ಏನೋ ಕಳೆದುಕೊಂಡಿದ್ದಾಳೆ ಎಂದೇ ತಿಳಿಯುತ್ತಿದ್ದರು. ನಾಲ್ಕು ಹೆಜ್ಜೆ ನಡೆದರೆ ಒಮ್ಮೆ ನಿಲ್ಲುವಳು. ಎಲೆಯೊಂದನ್ನು ಮಗುಚಿ ನೋಡುವಳು, ತೊಗಟೆಗೆ ಮೂಗು ತಾಗುವಷ್ಟು ಬಗ್ಗುವಳು, ಆಮೇಲೆ ತನ್ನಷ್ಟಕ್ಕೇ ನಕ್ಕು ಮುಂದೆ ಹೋಗುವಳು. ಸೊಪ್ಪು ತರಲು ಹೋದವಳು ಹೊತ್ತು ಇಳಿದರೂ ಬಾರದಿದ್ದರೆ ಗಂಡ ಮಾಸ್ತಪ್ಪನಿಗೆ ಗಾಬರಿಯಿಲ್ಲ. "ಹುಳ ನೋಡ್ತಾ ಕೂತಿರ್ತಾಳೆ, ಬರ್ತಾಳೆ ಬಿಡಿ" ಎಂದು ತಾನೇ ಗಂಜಿ ಬಡಿಸಿಕೊಳ್ಳುತ್ತಿದ್ದ. ಅಂಥ ಗಂಡ ಎಲ್ಲರಿಗೂ ಸಿಗುವುದಿಲ್ಲ ಎಂದು ಕೇರಿಯ ಹೆಂಗಸರು ಹೇಳುತ್ತಿದ್ದರು. ಅಂಥ ಹೆಂಡತಿ ಯಾರಿಗೂ ಸಿಗದಿರಲಿ ಎಂದು ಗಂಡಸರು ಹೇಳುತ್ತಿದ್ದರು.

ಈ ಹುಚ್ಚು ಹಚ್ಚಿದವಳು ಮಗಳು ಹೂವಿ. ಐದು ವರ್ಷದ ಪೋರಿ ಒಂದು ದಿನ ಬೇಲಿಯ ಹೂವಿನ ಮೇಲಿದ್ದ ಕಡಜವನ್ನು ಬರಿಗೈಯಲ್ಲಿ ಹಿಡಿದುಬಿಟ್ಟಳು. ಕಪ್ಪು ಹಳದಿ ಪಟ್ಟೆ, ಸಣ್ಣ ನಡು, ಗುಂಯ್ ಎನ್ನುವ ಸದ್ದು. ಬೆಳ್ಳಮ್ಮ ಕೂಗಿಕೊಂಡು ಓಡಿಬಂದರೆ, ಹುಡುಗಿ ಮುಷ್ಟಿ ಬಿಚ್ಚಿ ತೋರಿಸಿ ನಗುತ್ತಿದ್ದಾಳೆ.

"ಅಬ್ಬೇ, ಇದು ಸುಳ್ಳು ಕಡಜ. ಕಚ್ಚಾಕೆ ಮುಳ್ಳೇ ಇಲ್ಲ ಇದಕ್ಕೆ. ನೋಡು, ರೆಕ್ಕೆ ಎರಡೇ ಇದಾವೆ."

ನೋಡಿದರೆ ಹೌದು. ನೊಣದ ಜಾತಿಯ ಪಾಪದ ಹುಳ, ಕಡಜದ ವೇಷ ಹಾಕಿ ಎಲ್ಲರನ್ನೂ ಹೆದರಿಸುತ್ತಿತ್ತು. ಅವತ್ತಿನಿಂದ ತಾಯಿ ಮಗಳಿಗೆ ಮಧ್ಯಾಹ್ನದ ಆಟ ಅದೇ ಆಯಿತು: ನಿಜ ಯಾವುದು, ಸುಳ್ಳು ಯಾವುದು. ಈಶ್ವರಬಳ್ಳಿಯ ಕಹಿ ಎಲೆ ತಿಂದು ಬೆಳೆಯುವ ಕರಿ ಪಾತರಗಿತ್ತಿಯೊಂದಿದೆ, ರೆಕ್ಕೆಯಲ್ಲಿ ಕೆಂಪು ಬೊಟ್ಟು. ಅದನ್ನು ಹಕ್ಕಿಗಳು ಮುಟ್ಟುವುದಿಲ್ಲ, ಅದೂ ಅವಸರಪಡದೆ ತೇಲಿಕೊಂಡು ಹೋಗುತ್ತದೆ. ಅದರ ಹಾಗೇ ಬೊಟ್ಟು ಇಟ್ಟುಕೊಂಡು, ಅದರ ಹಾಗೇ ತೇಲುವ ಇನ್ನೊಂದಿದೆ. ಅದು ಹುಟ್ಟಿದ್ದು ನಿಂಬೆಗಿಡದಲ್ಲಿ, ಕಹಿಯ ಸೋಂಕೂ ಇಲ್ಲ. ಎರಡನ್ನೂ ಬೇರೆ ಮಾಡುವ ಗುಟ್ಟನ್ನು ಕಂಡುಹಿಡಿದವಳೂ ಹೂವಿಯೇ. ಕಹಿಯದರ ಒಡಲು ಕೆಂಪು, ವೇಷದ್ದರ ಒಡಲು ಕಪ್ಪು. ಬಿಸಿಲು ಎಲೆಗಳ ನಡುವಿನಿಂದ ಸೋರುವ ಆ ಹೊತ್ತಿನಲ್ಲಿ ಇಬ್ಬರೂ ದೊಡ್ಡ ಧೂಪದ ಮರದ ಬೇರಿಗೆ ಒರಗಿ ಕೂತು, "ಕೆಂಪು, ಕಪ್ಪು, ಕಪ್ಪು, ಕೆಂಪು" ಎಂದು ಗುನುಗುತ್ತಾ ಅರೆನಿದ್ದೆಗೆ ಜಾರುತ್ತಿದ್ದರು. ಬೆಳ್ಳಮ್ಮನ ಬದುಕಿನಲ್ಲಿ ಸುಖ ಎಂದರೆ ಅದು.

ಅರವತ್ತೆರಡನೇ ಇಸವಿಯ ಚಳಿಗಾಲದಲ್ಲಿ ಮೂರು ದಿನದ ಜ್ವರಕ್ಕೆ ಹೂವಿ ಹೋದಳು. ಆ ಕಡೆ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಧೂಪದ ಮರದ ಬುಡದಲ್ಲೇ ಗುಂಡಿ ತೋಡಿ, ನರಿ ಕೆದಕದಂತೆ ಮುಳ್ಳು ಹರಡಿ, ಮೇಲೊಂದು ಚಪ್ಪಟೆ ಕಲ್ಲು ಹೇರಿ ಬಂದರು. ಅಂದಿನಿಂದ ಬೆಳ್ಳಮ್ಮ ಮಗಳ ಹೆಸರೆತ್ತಲಿಲ್ಲ. ಎತ್ತಬಾರದೆಂದಲ್ಲ, ಎತ್ತಲು ಹೋದರೆ ಬಾಯಿಗೆ ಬೇರೆ ಮಾತೇ ಬರುತ್ತಿತ್ತು. ಮರದ ಹತ್ತಿರ ಮಾತ್ರ ದಿನವೂ ಹೋಗಿ ಕೂರುತ್ತಿದ್ದಳು.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಅರವತ್ತನಾಲ್ಕರಲ್ಲಿ ಅರಣ್ಯ ಇಲಾಖೆಯವರು ಬಂದು ಧೂಪದ ಮರಗಳಿಗೆಲ್ಲ ಗುರುತು ಹಾಕಿದರು. ತೊಗಟೆ ಕೆತ್ತಿ, ಸುತ್ತಿಗೆಯ ಮುದ್ರೆ ಹೊಡೆದು, ಟಾರಿನಲ್ಲಿ ನಂಬರು. ಧೂಪದ ಮರ ಪ್ಲೈವುಡ್ಡಿಗೆ ಬಹಳ ಚೆನ್ನಂತೆ. ಅವಳ ಮರಕ್ಕೂ ನಂಬರು ಬಿತ್ತು.

"ಹೋಗಿ ಹೇಳಾನ ಕಣೆ, ಮಗಳು ಅಲ್ಲಿ ಮಲಗ್ಯಾಳೆ ಅಂತ" ಎಂದ ಮಾಸ್ತಪ್ಪ.

ಬೆಳ್ಳಮ್ಮ ಬೇಡವೆಂದು ತಲೆಯಾಡಿಸಿದಳು. ಯಾರೋ ಟೋಪಿಯವರ ಮುಂದೆ ನಿಂತು ಆ ಹೆಸರು ಹೇಳುವುದು ಅವಳಿಂದ ಆಗದ ಮಾತು. ಅವಳಿಗೆ ಹೊಳೆದದ್ದು ಬೇರೆಯೇ ದಾರಿ. ಹಳ್ಳದಾಚೆ, ಕಾಡು ಕಾಯುವ ಉಗ್ರ ದೇವತೆ ಚೌಡಿಯ ಬನವಿತ್ತು. ಕುಂಕುಮ ಮೆತ್ತಿದ ಕಲ್ಲು, ಸುತ್ತ ಸುಣ್ಣದ ಗೆರೆ, ಕರಿಬಳೆಯ ಚೂರು, ಒಂದು ತುಕ್ಕು ತ್ರಿಶೂಲ. ಅಲ್ಲಿನ ಮರಗಳಿಗೆ ಹಿಂದೊಮ್ಮೆ ನಂಬರು ಹಾಕಿದ್ದರೂ ಕೊಡಲಿಯವರು ಒಂದು ಕಡ್ಡಿ ಮುರಿದಿರಲಿಲ್ಲ. ಕಡಜ ಕಂಡರೆ ಕೈ ಹಿಂದೆ ಸರಿಯುತ್ತದಲ್ಲ, ಹಾಗೆ.

ಮರುದಿನ ಬೆಳಗ್ಗೆ ಬೆಳ್ಳಮ್ಮ ಬನಕ್ಕೆ ಹೋಗಿ ಎಲ್ಲವನ್ನೂ ಕಣ್ಣಲ್ಲಿ ಅಳೆದುಕೊಂಡು ಬಂದಳು. ಮಗಳ ಕಲ್ಲಿಗೆ ಕುಂಕುಮ ಮೆತ್ತಿದಳು. ಸುಣ್ಣದ ಗೆರೆ ಎಳೆದಳು. ತನ್ನ ಪೆಟ್ಟಿಗೆಯ ಕರಿಬಳೆಗಳನ್ನು ಒಡೆದು ಚೆಲ್ಲಿದಳು. ತ್ರಿಶೂಲ ಸಿಗಲಿಲ್ಲ, ಮುರಿದ ಹುಲ್ಲುಗತ್ತಿಯನ್ನೇ ನೆಟ್ಟಳು. ದೂರ ನಿಂತು ನೋಡಿದರೆ ಅವಳಿಗೇ ಮೈ ಜುಂ ಎಂದಿತು.

ವಾರ ಕಳೆದು ಕೊಡಲಿಯವರು ಬಂದರು. ಅವರ ಮೇಸ್ತ್ರಿ ದುಗ್ಗಪ್ಪ, ತೀರ್ಥಹಳ್ಳಿ ಕಡೆಯವನು, ಕಲ್ಲು ಕಂಡವನೇ ಎಲೆಅಡಿಕೆ ಉಗಿದು ಕೈ ಮುಗಿದ. "ಚೌಡಿ ಇದಾಳೆ ಮಾರಾಯ್ರಾ, ಇದು ಬ್ಯಾಡ" ಎಂದು ಒಂದು ಕಾಯಿ ಒಡೆಸಿ ಮುಂದೆ ನಡೆಸಿದ. ಪೊದೆಯ ಹಿಂದೆ ಅಡಗಿದ್ದ ಬೆಳ್ಳಮ್ಮನಿಗೆ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪಕ್ಕದ ಮನೆಯ ಕೆರಿಯಮ್ಮ ಎಂಬಾಕೆ ಮೂಗಿನಿಂದಲೇ ಸುದ್ದಿ ಹಿಡಿಯುವ ಹೆಂಗಸು. ಅವಳಿಗೊಂದು ಉಪ್ಪಾಗೆ ಮರವಿತ್ತು, ದಾರಿಹೋಕರೆಲ್ಲ ಅದರ ಹಣ್ಣು ಉದುರಿಸಿಕೊಂಡು ಹೋಗುತ್ತಿದ್ದರು. ಒಂದು ಶುಕ್ರವಾರ ಖಾಲಿ ಬಟ್ಟಲು ಹಿಡಿದು ಬಾಗಿಲಿಗೆ ಬಂದು ನಿಂತಳು.

"ಬೆಳ್ಳಕ್ಕಾ, ಒಂಚೂರು ಕುಂಕುಮ ಕೊಡೆ. ನಿನ್ನ ಚೌಡಿಗೆ ಇಟ್ಟಿದ್ದೇ ಆಗ್ಬೇಕು. ಹ್ಯಾಂಗೆ ಮಾಡ್ದೆ ಅಂತಲೂ ಹೇಳು."

ಶುಕ್ರವಾರ, ಮುತ್ತೈದೆ, ಕೇಳುತ್ತಿರುವುದು ಕುಂಕುಮ. ಇಲ್ಲ ಎನ್ನಲು ಆ ಊರಿನಲ್ಲಿ ಯಾವ ಹೆಂಗಸಿಗೆ ಬಾಯಿ ಬರುತ್ತದೆ? ಕೊಟ್ಟಳು. ಮಾಡುವ ಬಗೆಯನ್ನೂ ಹೇಳಿಕೊಟ್ಟಳು. ಸ್ವಲ್ಪ ಹೆಮ್ಮೆಯೂ ಇತ್ತೆನ್ನಿ. ಮುಂದಿನ ಶುಕ್ರವಾರ ಇನ್ನಿಬ್ಬರು ಬಟ್ಟಲು ಹಿಡಿದು ಬಂದರು. ಎರಡು ವರ್ಷದಲ್ಲಿ ಜೇನುಮರಕ್ಕೊಂದು ಚೌಡಿ, ಹಲಸಿಗೊಂದು ಚೌಡಿ, ಬಾಳೆಗೊನೆ ಕದಿಯಬಾರದೆಂದು ಹಿತ್ತಲಿಗೊಂದು ಚೌಡಿ. ಪಾಪ, ಆ ತಾಯಿ ಇಷ್ಟೊಂದು ಕಡೆ ಒಟ್ಟಿಗೆ ಹೇಗೆ ಕೂತಿರಬೇಕು ಎಂದು ಯಾರೂ ಕೇಳಲಿಲ್ಲ.

ಅರವತ್ತಾರರ ಮಳೆಗಾಲ ಮುಗಿದು ಬಿಸಿಲು ಬಂದಾಗ ಬೆಳ್ಳಮ್ಮ ಮರದಡಿ ಕೂತು ಒಂದು ವಿಚಿತ್ರ ಕಂಡಳು. ಕೆರಿಯಮ್ಮ ಹಿತ್ತಲ ತುಂಬ ನಿಂಬೆಗಿಡ ಹಾಕಿದ್ದಳು. ಹಾಗಾಗಿ ಆ ವರ್ಷ ಸುಳ್ಳು ಪಾತರಗಿತ್ತಿಗಳದ್ದೇ ರಾಜ್ಯ, ಕಪ್ಪು, ಕಪ್ಪು, ಕಪ್ಪು, ಎಲ್ಲೋ ಒಂದು ಕೆಂಪು. ಕೊಂಬೆಯ ಮೇಲಿದ್ದ ಕಾಜಾಣವೊಂದು ಹಾರಿ ಒಂದನ್ನು ಹಿಡಿಯಿತು. ರುಚಿ ಹತ್ತಿತು. ಆಮೇಲೆ ಅದು ಹಿಂದೆಮುಂದೆ ನೋಡಲಿಲ್ಲ. ಸುಳ್ಳನ್ನೂ ಹಿಡಿಯಿತು, ನಿಜದ್ದನ್ನೂ ಹಿಡಿಯಿತು. ನಿಜದ್ದನ್ನು ಥೂ ಎಂದು ಉಗಿಯಿತು, ಆದರೆ ಆ ಹೊತ್ತಿಗೆ ಅದರ ರೆಕ್ಕೆ ಹರಿದಿತ್ತು. ಹರಿದ ರೆಕ್ಕೆಯ ಕೆಂಪು ಒಡಲಿನದು ಕುಂಕುಮದ ಕಲ್ಲಿನ ಮೇಲೆ ಬಿದ್ದು ಒದ್ದಾಡಿತು. ಬೆಳ್ಳಮ್ಮ ಅದನ್ನು ಅಂಗೈಗೆ ತೆಗೆದುಕೊಂಡು ಈಶ್ವರಬಳ್ಳಿಯ ಎಲೆಯ ಮೇಲೆ ಬಿಟ್ಟಳು. ಹಕ್ಕಿಗೆ ಹೆದರಿಕೆ ಹೋದದ್ದರ ಅರ್ಥ ಅವಳಿಗೆ ಆಗ ಪೂರ್ತಿ ತಿಳಿಯಲಿಲ್ಲ.

ತಿಳಿದದ್ದು ಮುಂದಿನ ಬೇಸಿಗೆಯಲ್ಲಿ. ದುಗ್ಗಪ್ಪನ ಗುಂಪು ಮತ್ತೆ ಬಂತು. ಗುಂಪಿನಲ್ಲಿದ್ದ ಬಯಲುಸೀಮೆಯ ಹೊಸ ಆಳೊಬ್ಬ ಏನೂ ಅರಿಯದೆ ಕೆರಿಯಮ್ಮನ ಚೌಡಿಯ ಮೇಲೆ ಕೂತು ರೊಟ್ಟಿ ತಿಂದು, ಎಡೆಯ ಕಾಯಿಯನ್ನೂ ತಿಂದು, ಗೊರಕೆ ಹೊಡೆದು ನಿದ್ದೆ ಮಾಡಿ ಎದ್ದ. ಅವನಿಗೆ ಜ್ವರ ಬರಲಿಲ್ಲ, ಕಾಲು ಮುರಿಯಲಿಲ್ಲ. ಎರಡು ದಿನ ಅವನ ಮುಖವನ್ನೇ ನೋಡಿ ನೋಡಿ ಉಳಿದವರಿಗೆ ಧೈರ್ಯ ಬಂತು. ಮೂರನೇ ದಿನ ಬೆಳಗ್ಗೆ ಹಳ್ಳದಾಚೆಯಿಂದ ಕೊಡಲಿಯ ಸದ್ದು ಕೇಳಿಸಿತು.

ಅದು ಚೌಡಿಯ ಬನ. ಅಜ್ಜನ ಅಜ್ಜನ ಕಾಲದ ಮರಗಳು. ಒಂದೊಂದು ಬಿದ್ದಾಗಲೂ ಬೆಳ್ಳಮ್ಮನ ಮನೆಯ ನೆಲ ಅದುರಿತು. ಅವಳು ಹೊಸ್ತಿಲಲ್ಲಿ ಕೂತು ಕಿವಿ ಮುಚ್ಚಿಕೊಂಡಳು.

"ನಾನೇ ಕೆಡವ್ಸಿದೆ. ನಾನೇ" ಎಂದಳು. ಮಾಸ್ತಪ್ಪನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಶಕ್ತಿ ಅವಳಿಗಿರಲಿಲ್ಲ.

ಮರುದಿನ ಅವರು ಬರುವ ಮೊದಲೇ ಅವಳು ಧೂಪದ ಮರದಡಿ ಇದ್ದಳು. ಮರ ತುಂಬ ಬಿಳಿ ಹೂ ಬಿಟ್ಟಿತ್ತು, ಒಂದೊಂದಾಗಿ ತಲೆಯ ಮೇಲೆ ಉದುರುತ್ತಿತ್ತು. ಆ ಪರಿಮಳದಲ್ಲಿ ಅವಳಿಗೆ ಯಾವ ವರ್ಷ, ಯಾವ ಹೊತ್ತು ಎಂಬುದೇ ಮಸುಕಾಯಿತು. ಬೇರಿನ ಆಚೆ ಬದಿಯಲ್ಲಿ ಯಾರೋ "ಕೆಂಪು, ಕಪ್ಪು" ಎನ್ನುತ್ತಿದ್ದ ಹಾಗಿತ್ತು. ಕಣ್ಣು ಬಿಟ್ಟರೆ ಎದುರಿಗೆ ದುಗ್ಗಪ್ಪ, ಅವನ ಹಿಂದೆ ಕೊಡಲಿಯವರು.

"ಏಳಿ ಅಮ್ಮ. ಈ ಚೌಡಿಗಳ ಕತೆ ಎಲ್ಲ ಗೊತ್ತಾತು ನಮಗೆ. ಸುಳ್ಳು."

"ಹೌದು, ಸುಳ್ಳು" ಎಂದಳು ಬೆಳ್ಳಮ್ಮ.

ದುಗ್ಗಪ್ಪ ಜಗಳಕ್ಕೆ ಸಿದ್ಧವಾಗಿ ಬಂದವನು. ಒಪ್ಪಿಕೊಂಡರೆ ಏನು ಮಾಡಬೇಕೆಂದು ತೋಚದೆ ನಿಂತ. ಅವಳು ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಕಲ್ಲಿನ ಕುಂಕುಮ ಒರೆಸತೊಡಗಿದಳು. ಮೂರು ವರ್ಷದ ಕುಂಕುಮ ಸುಲಭಕ್ಕೆ ಬಿಡಲಿಲ್ಲ. ಸೆರಗು ಕೆಂಪಾಯಿತು, ಕೈ ಕೆಂಪಾಯಿತು. ಸುಣ್ಣದ ಗೆರೆ ಅಳಿಸಿದಳು. ಹುಲ್ಲುಗತ್ತಿ ಕಿತ್ತು ಪಕ್ಕಕ್ಕಿಟ್ಟಳು. ಕೊನೆಗೆ ಉಳಿದದ್ದು ಒಂದು ಚಪ್ಪಟೆ ಕಲ್ಲು, ಎರಡು ಮೊಳ ಉದ್ದವೂ ಇಲ್ಲ. ಅಂಥ ಕಲ್ಲನ್ನು ಯಾತಕ್ಕೆ ಹೇರುತ್ತಾರೆಂದು ಮಲೆನಾಡಿನಲ್ಲಿ ಹುಟ್ಟಿದವರಿಗೆ ಯಾರೂ ಹೇಳಬೇಕಿಲ್ಲ.

"ಹೂವಿ" ಎಂದಳು. ಐದು ವರ್ಷದ ಮೇಲೆ ಆ ಹೆಸರು ಬಾಯಿಂದ ಬಂತು. "ನನ್ನ ಮಗಳು. ಆರು ತುಂಬಿರ್ಲಿಲ್ಲ. ಇಲ್ಲೇ ಮಲಗ್ಯಾಳೆ."

ಬಯಲುಸೀಮೆಯ ಆಳು ಮೆಲ್ಲಗೆ ತಲೆಯ ಮುಂಡಾಸು ತೆಗೆದ. ದುಗ್ಗಪ್ಪ ಟಾರಿನ ನಂಬರನ್ನು ನೋಡಿದ, ಕಲ್ಲನ್ನು ನೋಡಿದ. ಆಮೇಲೆ ಕೊಡಲಿಯ ಹಿಂಬದಿಯಿಂದ ಮರಕ್ಕೆ ಠಣ್ ಎಂದು ಬಡಿದ. ಗಟ್ಟಿ ಮರ, ದೇವಸ್ಥಾನದ ಕಂಬದ ಹಾಗೆ ಸದ್ದು ಕೊಟ್ಟಿತು. ಎಲ್ಲರಿಗೂ ಕೇಳಿಸಿತು.

"ಪೊಳ್ಳು" ಎಂದ ದುಗ್ಗಪ್ಪ ಗಟ್ಟಿಯಾಗಿ. "ಒಳಗೆಲ್ಲ ಪೊಳ್ಳು. ಪ್ಲೈವುಡ್ಡಿಗೆ ಬರಾದಿಲ್ಲ. ಕೇಳಿಸ್ತಾ ಎಲ್ಲರಿಗೂ?"

"ಕೇಳಿಸ್ತು" ಎಂದರು.

ಟಾರಿನ ಡಬ್ಬಿ ತರಿಸಿ ನಂಬರಿನ ಮೇಲೆ ಅಡ್ಡಗೆರೆ ಎಳೆದ. ಹೋಗುವಾಗ ಹಿಂತಿರುಗಿ, "ಅವತ್ತೇ ಹೇಳಬಾರ್ದಿತ್ತಾ ತಾಯಿ?" ಎಂದು ಕೇಳಿದ. ಅವತ್ತೇ ಹೇಳಿದ್ದರೆ ಬನವೂ ಉಳಿಯುತ್ತಿತ್ತೇನೋ ಎಂಬ ಮುಳ್ಳು ಅವಳ ಎದೆಯಲ್ಲಿ ಕೊನೆಯವರೆಗೂ ಇತ್ತು.

ಆ ಮಳೆಗಾಲದಿಂದ ಅವಳಿಗೆ ಹೊಸ ಕೆಲಸ ಹಿಡಿಯಿತು. ಧೂಪದ ಬೀಜ ಒಣಗಿದರೆ ಹುಟ್ಟುವುದಿಲ್ಲ, ಬಿದ್ದ ದಿನವೇ ಮಣ್ಣು ಸೇರಬೇಕು. ಹೂವಿಯ ಮರದಡಿ ಬಿದ್ದದ್ದನ್ನು ಮಡಿಲು ತುಂಬಿಕೊಂಡು ಹಳ್ಳ ದಾಟಿ, ಬೋಳು ಬನದಲ್ಲಿ ಊರಿ ಬರುವಳು. ಮಾಸ್ತಪ್ಪ ಗುದ್ದಲಿ ಹಿಡಿದು ಹಿಂದೆ ಹೋಗುವನು. ಒಮ್ಮೆ ಕೆರಿಯಮ್ಮ, ಬಹುಶಃ ಅವಳಿಗೂ ಒಳಗೊಳಗೇ ಚುಚ್ಚುತ್ತಿತ್ತು, ಬಟ್ಟಲ ತುಂಬ ಕುಂಕುಮ ತಂದು ಹಿಡಿದಳು.

"ಸಸಿಗಳ ಹತ್ರ ಒಂದು ಕಲ್ಲು ನಿಲ್ಸಿ ಇದು ಬಳಿಯೆ. ದನ ಮೇಯಿಸೋರು ಹೆದರ್ತಾರೆ."

ಬೆಳ್ಳಮ್ಮ ಒಂದು ಚಿಟಿಕೆ ತೆಗೆದು ತನ್ನ ಹಣೆಗಿಟ್ಟುಕೊಂಡಳು. "ಸಾಕು" ಎಂದಳು. "ಕೇಳಿದೋರಿಗೆ ನಾನೇ ಹೇಳ್ತೀನಿ."

ಹಾಗೆಯೇ ಮಾಡಿದಳು. ಮಳೆ ಬಿಟ್ಟ ಮೇಲಿನ ಮಧ್ಯಾಹ್ನಗಳಲ್ಲಿ ಅವಳು ಬೇರಿಗೆ ಒರಗಿ ಕೂತಿರುತ್ತಿದ್ದಳು. ಕರಿ ಪಾತರಗಿತ್ತಿ ತೇಲಿಬಂದು ಬರಿಗಲ್ಲಿನ ಮೇಲೆ ಇಳಿಯುತ್ತಿತ್ತು. ಅದರ ಒಡಲು ಕೆಂಪೋ ಕಪ್ಪೋ ಎಂದು ಅವಳು ಈಗ ಬಗ್ಗಿ ನೋಡುತ್ತಿರಲಿಲ್ಲ. ದಾರಿಯಲ್ಲಿ ಕೊಡಲಿ ಹೊತ್ತ ಯಾರಾದರೂ ನಿಂತು, ಇಷ್ಟು ದೊಡ್ಡ ಮರ ಹೇಗೆ ಉಳಿಯಿತು, ಇಲ್ಲಿ ಯಾವ ದೇವರಿದೆ ಎಂದು ಕೇಳಿದರೆ, "ದೇವ್ರಿಲ್ಲ, ನನ್ನ ಮಗಳಿದಾಳೆ. ಹೂವಿ ಅಂತ ಹೆಸ್ರು" ಎನ್ನುವಳು. ಅವರು ಕೊಡಲಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಸದ್ದು ಮಾಡದೆ ನಡೆದುಹೋಗುತ್ತಿದ್ದರು.